ಶಿವಮೊಗ್ಗ–ಆಗುಂಬೆ ಕಾರ್ ಕ್ಲಬ್ ಡ್ರೈವ್: ಹಳ್ಳಿ ರಸ್ತೆಯಲ್ಲಿ ಗಳಿಸಿದ್ದು, ಘಾಟಿಯಲ್ಲಿ ಕಳೆದದ್ದು

ಕಾರ್ ಕ್ಲಬ್ ಅಂದರೆ ನಮ್ಮ ಮಲೆನಾಡಿನಲ್ಲಿ ಒಳ್ಳೆ ಹೆಸರಿಲ್ಲ. ಕಿವಿ ಒಡೆಯುವ ಸೈಲೆನ್ಸರ್, ರೀಲ್ಸ್‌ಗಾಗಿ ರಸ್ತೆ ಮಧ್ಯೆ ನಿಲ್ಲುವುದು, ಹಳ್ಳದ ಪಕ್ಕ ಬಾಟಲಿ ಎಸೆದು ಹೋಗುವುದು, ಜನ ನೋಡಿರುವುದು ಇದನ್ನೇ. ಹಾಗಾಗಿ ಶಿವಮೊಗ್ಗದ ಒಂದು ಕ್ಲಬ್ ದೀಪಾವಳಿ ಆದಮೇಲೆ ಇಟ್ಟುಕೊಂಡಿದ್ದ ಫ್ಯಾಮಿಲಿ ಡ್ರೈವ್‌ಗೆ 1,500 ರೂಪಾಯಿ ಕಟ್ಟಿದಾಗ ನಮ್ಮ ಮನೆಯಲ್ಲೇ ಯಾರಿಗೂ ಇಷ್ಟವಿರಲಿಲ್ಲ.

ಇದು ರೇಸ್ ಅಲ್ಲ, ಟಿಎಸ್‌ಡಿ. ಅಂದರೆ ಟೈಮ್, ಸ್ಪೀಡ್, ಡಿಸ್ಟೆನ್ಸ್. ಕಾರಿಗೊಂದು ರೋಡ್ ಬುಕ್ ಕೊಡುತ್ತಾರೆ. ಅದರಲ್ಲಿ ತಿರುವುಗಳ ಪುಟ್ಟ ಚಿತ್ರ, ಅಲ್ಲಿಗೆ ಎಷ್ಟು ದೂರ, ಯಾವ ಭಾಗದಲ್ಲಿ ಎಷ್ಟು ಸರಾಸರಿ ವೇಗ ಅಂತ ಇರುತ್ತದೆ. 36 ಕಿ.ಮೀ. ಸರಾಸರಿ ಅಂತ ಬರೆದಿದ್ದರೆ 12 ಕಿ.ಮೀ. ದಾಟೋಕೆ ಸರಿಯಾಗಿ 20 ನಿಮಿಷ ತಗೋಬೇಕು. ತಡವಾದರೂ ಅಂಕ ಹೋಗುತ್ತದೆ, ಬೇಗ ಬಂದರೂ ಹೋಗುತ್ತದೆ. ಕಂಟ್ರೋಲ್, ಅಂದರೆ ಕಾರು ಬಂದ ಸಮಯ ಬರೆದುಕೊಳ್ಳುವ ಜಾಗ, ಎಲ್ಲಿದೆ ಅಂತ ಮೊದಲೇ ಹೇಳುವುದಿಲ್ಲ, ಹಾಗಾಗಿ ಜೋರಾಗಿ ಓಡಿಸಿ ಮುಂದೆ ಹೋಗಿ ಕಾಯುವ ಆಟ ನಡೆಯುವುದಿಲ್ಲ.

ಇಷ್ಟು ಒಳ್ಳೆ ವಿಷಯವನ್ನು ದಾರಿಯ ಊರಿನವರಿಗೆ ಯಾರೂ ಹೇಳಿಲ್ಲ. ಮಂಡಗದ್ದೆಯಲ್ಲಿ ಚಹಾ ಕುಡಿಯುವಾಗ ಅಂಗಡಿಯ ಅಜ್ಜಿ, 'ಏನು ಮಗಾ, ರೇಸಾ? ನಿಧಾನ ಹೋಗಿ ಮಾರಾಯ, ಮಕ್ಕಳು ಆಡ್ತಾ ಇರ್ತಾವೆ' ಅಂದರು. ಬಾಗಿಲ ತುಂಬ ನಂಬರ್, ಬಾನೆಟ್ ಮೇಲೆ ಸ್ಟಿಕರ್ ಹಾಕಿದ ಕಾರುಗಳು ಸಾಲಾಗಿ ಬಂದರೆ ಯಾರಿಗಾದರೂ ಹಾಗೇ ಅನಿಸುತ್ತದೆ ಅಲ್ವಾ? ಕನ್ನಡದಲ್ಲಿ 'ಇದು ರೇಸ್ ಅಲ್ಲ' ಅಂತ ಒಂದು ಬೋರ್ಡ್ ಹಾಕಬಹುದಿತ್ತು.

ತೀರ್ಥಹಳ್ಳಿ ದಾಟಿದ ಮೇಲೆ ಒಳರಸ್ತೆ, ಸ್ವಲ್ಪ ದೂರ ಬರೀ ಮಣ್ಣು. ಅಡಿಕೆ ಕೊಯ್ಲಿನ ಸಮಯ, ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗುತ್ತಿತ್ತು. ಧೂಳು ಕೂತರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಮಂಡಿಯಲ್ಲಿ ರೇಟ್ ಬೀಳುತ್ತದೆ. ಈ ಭಾಗಕ್ಕೆ ಕ್ಲಬ್ಬಿನವರು ಟೈಮಿಂಗೇ ಇಟ್ಟಿರಲಿಲ್ಲ. ಪ್ರತಿ ಮನೆ ಬಂದಾಗಲೂ ಮುಂದಿನ ಕಾರಿನವರು ವಾಕಿಟಾಕಿಯಲ್ಲಿ 'ಅಂಗಳ ಇದೆ, ಫಸ್ಟ್ ಗೇರ್, ಹಾರ್ನ್ ಬೇಡ' ಅಂತ ಹೇಳುತ್ತಲೇ ಇದ್ದರು. ಇದನ್ನು ಯೋಚಿಸಿದವರು ತೋಟ ಇರುವ ಮನೆಯವರೇ ಇರಬೇಕು, ಅವರಿಗೆ ದೊಡ್ಡ ನಮಸ್ಕಾರ. ನಮ್ಮ ಕಾರು ಸಾಲಿನ ಕೊನೆಗಿತ್ತು. ಗೇಟಿನ ಹತ್ತಿರ ನಿಂತಿದ್ದ ಯಜಮಾನರು ಕೈ ತೋರಿಸಿ ನಿಲ್ಲಿಸಿದಾಗ ಬೈಯುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಮಜ್ಜಿಗೆ ಕುಡಿಯುತ್ತೀರಾ ಅಂತ.

ಊಟ ಚೆನ್ನಾಗಿತ್ತು. ಅಕ್ಕಿ ರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ, ಸ್ಟೀಲ್ ತಟ್ಟೆ. ಒಂದು ಪ್ಲಾಸ್ಟಿಕ್ ಲೋಟವೂ ಇರಲಿಲ್ಲ.

ಆದರೆ ಗಳಿಸಿದ ಹೆಸರನ್ನೆಲ್ಲ ಆಗುಂಬೆಯಲ್ಲಿ ಕಳೆದರು. ಸೂರ್ಯಾಸ್ತ ನೋಡುವ ಜಾಗ ಇರುವುದೇ ಘಾಟಿ ರಸ್ತೆಯ ಅಂಚಿನಲ್ಲಿ, ಮೊದಲೇ ಇಕ್ಕಟ್ಟು. ಅಲ್ಲಿ ಗ್ರೂಪ್ ಫೋಟೊಗಾಗಿ ಎಲ್ಲ ಕಾರುಗಳನ್ನು ಓರೆಯಾಗಿ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ಡ್ರೋನ್ ಹಾರಿಸಿದರು. ಕೆಳಗಿನ 14 ಹೇರ್‌ಪಿನ್ ತಿರುವು ಹತ್ತಿಕೊಂಡು ಬಂದ ಉಡುಪಿ ಕಡೆಯ ಬಸ್ಸು ನಿಂತೇಬಿಟ್ಟಿತು, ಅದರ ಹಿಂದೆ ಸಾಲು. ತೀರ್ಥಹಳ್ಳಿ ಕಡೆಯಿಂದ ಮಣಿಪಾಲದ ಆಸ್ಪತ್ರೆಗೆ ರೋಗಿಗಳನ್ನು ಕರೆದುಕೊಂಡು ಹೋಗುವುದು ಇದೇ ರಸ್ತೆಯಲ್ಲಿ. ಅದು ಗೊತ್ತಿದ್ದೂ ಫೋಟೊಗೆ ರಸ್ತೆ ಕಟ್ಟುವುದು ನನಗೆ ಸಹಿಸಲಾಗಲಿಲ್ಲ. ಬಸ್ಸಿನ ಕಿಟಕಿಗಳಲ್ಲಿ ಮೊಬೈಲ್‌ಗಳು ಕಾಣಿಸಿದವು. ಬೆಳಗ್ಗೆಯಿಂದ ಅಂಗಳಗಳ ಮುಂದೆ ಎಷ್ಟು ಜಾಗ್ರತೆಯಿಂದ ಹೋದೆವು ಅಂತ ಆ ವಿಡಿಯೊ ನೋಡಿದವರಿಗೆ ಗೊತ್ತಾಗುತ್ತದಾ?

ಇನ್ನೊಂದು ವಿಷಯ. ಒಂದು ಕಾರಿಗೆ ಹೊರಗಡೆ ಮಾಡಿಸಿದ ಎಕ್ಸಾಸ್ಟ್ ಇತ್ತು, ಘಾಟಿ ಪೂರ್ತಿ ಅದೊಂದೇ ಸದ್ದು. ಸಿಂಗಳೀಕ ಇರುವ ಕಾಡು ಅದು. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅಂಥ ಕಾರನ್ನು ಬೆಳಗ್ಗೆ ಚೆಕಿಂಗ್‌ನಲ್ಲೇ ವಾಪಸ್ ಕಳಿಸಬೇಕಿತ್ತು.

ಎರಡನ್ನೂ ಸಂಘಟಕರಿಗೆ ಅಲ್ಲೇ ಹೇಳಿದೆ. ಫೋಟೊ ಇನ್ನು ಮುಂದೆ ತೀರ್ಥಹಳ್ಳಿಯಲ್ಲೇ ಮುಗಿಸುತ್ತೇವೆ ಅಂದರು, ಎಕ್ಸಾಸ್ಟ್ ವಿಷಯಕ್ಕೆ ಸುಮ್ನೆ ತಲೆಯಾಡಿಸಿದರು. ಅದಕ್ಕೇ ಸದ್ಯಕ್ಕೆ ಕ್ಲಬ್ಬಿನ ಹೆಸರು ಹಾಕುತ್ತಿಲ್ಲ, ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ಇಂಥ ಡ್ರೈವ್‌ಗೆ ಹೋಗುವವರು ಪಕ್ಕದ ಸೀಟಿಗೆ ಲೆಕ್ಕ ಗಟ್ಟಿ ಇರುವವರನ್ನು ಕೂರಿಸಿಕೊಳ್ಳಿ, ಮತ್ತು ದುಡ್ಡು ಕಟ್ಟುವ ಮೊದಲೇ ಫೋಟೊಗೆ ಕಾರು ಎಲ್ಲಿ ನಿಲ್ಲಿಸುತ್ತೀರಿ ಅಂತ ಕೇಳಿ.