ವೆಬ್ ಸೆಕ್ಯುರಿಟಿ ಅಕಾಡೆಮಿ: ಮೊದಲ ಉದ್ಯೋಗದ ಕಣ್ಣಿನಿಂದ ಒಂದು ವಿಮರ್ಶೆ

ಬೆಂಗಳೂರಿನಲ್ಲಿ ಸೈಬರ್ ಭದ್ರತೆಯ ಮೊದಲ ಕೆಲಸವನ್ನು ಅರಸುವ ಹೊಸ ಪದವೀಧರರಿಗೆ ಸಾಮಾನ್ಯವಾಗಿ ಎರಡು ದಾರಿಗಳು ಕಾಣುತ್ತವೆ. ಪಾಳಿಯ ಮೇಲೆ ಕುಳಿತು ಅಲರ್ಟ್‌ಗಳನ್ನು ಪರಿಶೀಲಿಸುವ ಎಸ್‌ಒಸಿ (ಭದ್ರತಾ ನಿಗಾ ಕೇಂದ್ರ) ವಿಶ್ಲೇಷಕನ ಹುದ್ದೆ ಒಂದು. ಕಂಪನಿಗಳ ಜಾಲತಾಣ ಮತ್ತು ಆ್ಯಪ್‌ಗಳಲ್ಲಿ ದೋಷಗಳನ್ನು ಹುಡುಕಿ ವರದಿ ಮಾಡುವ, ಎಲ್ಲರೂ ವಿಎಪಿಟಿ ಎಂದು ಕರೆಯುವ ಕೆಲಸ ಇನ್ನೊಂದು. ಸರ್ಕಾರಿ ಜಾಲತಾಣಗಳು ಸಾರ್ವಜನಿಕ ಬಳಕೆಗೆ ತೆರೆದುಕೊಳ್ಳುವ ಮೊದಲು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಮಾನ್ಯತೆ ನೀಡಿದ ಸಂಸ್ಥೆಗಳಿಂದ ಭದ್ರತಾ ಆಡಿಟ್‌ಗೆ ಒಳಪಡಬೇಕಾಗಿರುವುದರಿಂದಲೂ, ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿನ ನಿಯಮಗಳ ಒತ್ತಡ ಇರುವುದರಿಂದಲೂ ಈ ಎರಡನೆಯ ಕೆಲಸಕ್ಕೆ ನಮ್ಮಲ್ಲಿ ಸ್ಥಿರವಾದ ಬೇಡಿಕೆಯಿದೆ. ಅದಕ್ಕೆ ತಯಾರಾಗುವವರೆಲ್ಲರೂ ಒಂದಲ್ಲ ಒಂದು ದಿನ ಬಂದು ಸೇರುವ ಸ್ಥಳ ಪೋರ್ಟ್‌ಸ್ವಿಗರ್ ಕಂಪನಿಯ ವೆಬ್ ಸೆಕ್ಯುರಿಟಿ ಅಕಾಡೆಮಿ. ಹೊಸಬರನ್ನು ಸಂದರ್ಶಿಸುವ ಮೇಜಿನ ಈಚೆ ಬದಿಯಲ್ಲಿ ಕೂರುವವನಾಗಿ ನಾನು ಈ ಸೇವೆಯನ್ನು ಒಂದೇ ಪ್ರಶ್ನೆಯಿಂದ ಅಳೆಯಲು ಬಯಸುತ್ತೇನೆ: ಇದನ್ನು ಮುಗಿಸಿದವನಿಗೆ ಕೆಲಸ ಕೊಡಬಹುದೇ?

ಪೋರ್ಟ್‌ಸ್ವಿಗರ್ ಇಂಗ್ಲೆಂಡಿನ ಕಂಪನಿ. ವೆಬ್ ಪರೀಕ್ಷಕರು ಪ್ರತಿದಿನ ಬಳಸುವ ಬರ್ಪ್ ಸೂಟ್ ತಂತ್ರಾಂಶ ಅದರದ್ದೇ. ಬರ್ಪ್‌ನ ಕರ್ತೃ ಡ್ಯಾಫಿಡ್ ಸ್ಟಟರ್ಡ್ ಅವರು ಸಹಲೇಖಕರಾಗಿ ಬರೆದ ವೆಬ್ ಹ್ಯಾಕಿಂಗ್ ಕೈಪಿಡಿಯೊಂದು ಹಿಂದೆ ಈ ವೃತ್ತಿಗೆ ಪಠ್ಯಪುಸ್ತಕದಂತಿತ್ತು. ಅದಕ್ಕೆ ಮೂರನೆಯ ಆವೃತ್ತಿ ತರುವ ಬದಲು, ಕಾಲಕಾಲಕ್ಕೆ ಬೆಳೆಯುವ ಆನ್‌ಲೈನ್ ಪಾಠಶಾಲೆಯನ್ನೇ 2019ರಲ್ಲಿ ತೆರೆಯಲಾಯಿತು. ಇದಕ್ಕೆ ಶುಲ್ಕವಿಲ್ಲ; ಒಂದು ಇಮೇಲ್ ವಿಳಾಸ ಸಾಕು. ಎಸ್‌ಕ್ಯೂಎಲ್ ಇಂಜೆಕ್ಷನ್ (ಡೇಟಾಬೇಸಿಗೆ ಹೋಗುವ ಆದೇಶದೊಳಗೆ ತನ್ನದನ್ನು ನುಸುಳಿಸುವುದು), ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್ (ಇತರರ ಬ್ರೌಸರಿನಲ್ಲಿ ತನ್ನ ಕೋಡ್ ಓಡಿಸುವುದು) ಇಂತಹ ಹಳೆಯ ವಿಷಯಗಳಿಂದ ಹಿಡಿದು ಗ್ರಾಫ್‌ಕ್ಯೂಎಲ್, ರೇಸ್ ಕಂಡೀಷನ್, ಎಐ ಭಾಷಾ ಮಾದರಿಗಳ ಮೇಲಿನ ದಾಳಿಯವರೆಗೆ ಪಾಠಗಳಿವೆ, ಮತ್ತು ಪಾಠದ ಬೆನ್ನಿಗೇ ಕೈಯಾರೆ ಮಾಡಿ ನೋಡುವ ಲ್ಯಾಬ್‌ಗಳಿವೆ. 250ಕ್ಕೂ ಹೆಚ್ಚಿರುವ ಈ ಲ್ಯಾಬ್‌ಗಳನ್ನು ಅಪ್ರೆಂಟಿಸ್, ಪ್ರಾಕ್ಟಿಷನರ್, ಎಕ್ಸ್‌ಪರ್ಟ್ ಎಂಬ ಮೂರು ಮಟ್ಟಗಳಲ್ಲಿ ವಿಂಗಡಿಸಲಾಗಿದೆ.

ಅಕಾಡೆಮಿಯ ನಿಜವಾದ ಸಂಪತ್ತು ಈ ಲ್ಯಾಬ್‌ಗಳೇ. ಗುಂಡಿ ಒತ್ತಿದೊಡನೆ ನಿಮಗೊಬ್ಬರಿಗಾಗಿಯೇ ಒಂದು ಪುಟ್ಟ ಜಾಲತಾಣ ತೆರೆದುಕೊಳ್ಳುತ್ತದೆ. ಒಂದರಲ್ಲಿ ಆನ್‌ಲೈನ್ ಅಂಗಡಿಯಿದೆ. ನಿಮ್ಮ ಖಾತೆಯಲ್ಲಿ 100 ಡಾಲರ್, ಕೊಳ್ಳಬೇಕಾದ ಚರ್ಮದ ಜಾಕೆಟ್ಟಿನ ಬೆಲೆ 1337 ಡಾಲರ್. ಜಾಕೆಟ್ಟನ್ನು ಬುಟ್ಟಿಗೆ ಹಾಕುವಾಗ ಬ್ರೌಸರಿನಿಂದ ಹೊರಡುವ ರಿಕ್ವೆಸ್ಟ್ ಅನ್ನು ಬರ್ಪ್‌ನಲ್ಲಿ ತಡೆದು ನೋಡಿದರೆ ಬೆಲೆಯೂ ಅದರೊಳಗೇ ಪ್ರಯಾಣಿಸುತ್ತಿರುವುದು ಕಾಣುತ್ತದೆ. ಅದನ್ನು ತಿದ್ದಿ ಕಳುಹಿಸಿದರೆ ಸರ್ವರ್ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ಇನ್ನೊಂದು ಲ್ಯಾಬ್‌ನಲ್ಲಿ ಗ್ರಾಹಕ ಸೇವೆಯ ಚಾಟ್ ದಾಖಲೆಯನ್ನು ಡೌನ್‌ಲೋಡ್ ಮಾಡಿದಾಗ ಬರುವ ಕಡತದ ಹೆಸರು ಬರೀ ಒಂದು ಕ್ರಮಸಂಖ್ಯೆ. ಆ ಸಂಖ್ಯೆಯನ್ನು ಒಂದಕ್ಕೆ ಬದಲಿಸಿದರೆ ಬೇರೊಬ್ಬರ ಚಾಟ್ ತೆರೆದುಕೊಳ್ಳುತ್ತದೆ, ಅದರಲ್ಲಿ ಕಾರ್ಲೋಸ್ ಎಂಬುವನ ಪಾಸ್‌ವರ್ಡ್ ಇರುತ್ತದೆ. (ಅಕಾಡೆಮಿಯ ಲ್ಯಾಬ್‌ಗಳಲ್ಲಿ ಸದಾ ಖಾತೆ ಕಳೆದುಕೊಳ್ಳುವ ಬಡಪಾಯಿ ಈ ಕಾರ್ಲೋಸ್.) ಇವು ಮಕ್ಕಳಾಟದಂತೆ ಕಂಡರೂ ಆಟವಲ್ಲ. ವೆಬ್ ಭದ್ರತೆಗಾಗಿ ದುಡಿಯುವ ಓವಾಸ್ಪ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಹತ್ತು ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದದ್ದು ಈ ಎರಡನೆಯ ಲ್ಯಾಬ್‌ನಲ್ಲಿರುವಂತಹ ಪ್ರವೇಶ ನಿಯಂತ್ರಣದ ದೋಷಗಳೇ, ಮತ್ತು ವಿಎಪಿಟಿ ಕೆಲಸದಲ್ಲಿ ಹೊಸಬನೊಬ್ಬನು ಮೊದಲು ಹಿಡಿಯುವ ಗಂಭೀರ ದೋಷ ಬಹುಪಾಲು ಇದೇ ಜಾತಿಯದ್ದಾಗಿರುತ್ತದೆ.

ಬರ್ಪ್ ಸೂಟ್ ಕೈಗೆ ಹತ್ತುವುದು ಎರಡನೆಯ ಲಾಭ. ಅದರೊಳಗಿನ ಉಪಕರಣಗಳಾದ ಪ್ರಾಕ್ಸಿ, ರಿಪೀಟರ್, ಡಿಕೋಡರ್‌ಗಳನ್ನು ಪ್ರತ್ಯೇಕವಾಗಿ ಕಲಿಯಬೇಕಾಗಿಯೇ ಇಲ್ಲ. ಲ್ಯಾಬ್‌ಗಳನ್ನು ಬಿಡಿಸುತ್ತ ಹೋದಂತೆ ಅವು ಅಭ್ಯಾಸವಾಗುತ್ತವೆ. ಇಲ್ಲಿ ಕಂಪನಿಯ ವ್ಯಾಪಾರವೂ ಅಡಗಿದೆ ಎಂಬುದನ್ನು ಮರೆಯಬಾರದು. ಉಚಿತವಾದ ಕಮ್ಯುನಿಟಿ ಆವೃತ್ತಿಯಲ್ಲಿ ರಿಕ್ವೆಸ್ಟ್‌ಗಳನ್ನು ತಾನಾಗಿ ಸಾಲುಸಾಲಾಗಿ ಕಳುಹಿಸುವ ಇಂಟ್ರೂಡರ್ ಉದ್ದೇಶಪೂರ್ವಕವಾಗಿ ನಿಧಾನ, ಪ್ರಾಜೆಕ್ಟ್ ಉಳಿಸಿಕೊಳ್ಳುವ ಸೌಲಭ್ಯವಿಲ್ಲ, ಮತ್ತು ಹೊರಗಿನ ಸರ್ವರಿಗೆ ಕರೆ ಬರುವುದನ್ನು ಹಿಡಿಯುವ ಕೊಲಾಬರೇಟರ್ ಇಲ್ಲ. ಲ್ಯಾಬ್‌ಗಳು ಬೇರೆ ಹೊರಗಿನ ಸರ್ವರುಗಳನ್ನು ಸಂಪರ್ಕಿಸದಂತೆ ತಡೆ ಇರುವುದರಿಂದ, ಕೊಲಾಬರೇಟರ್ ಬೇಡುವ ಕೆಲವು ಲ್ಯಾಬ್‌ಗಳು ವರ್ಷಕ್ಕೆ 400 ಡಾಲರಿಗೂ ಮಿಕ್ಕಿ ಬೆಲೆಯಿರುವ ಪ್ರೊಫೆಷನಲ್ ಆವೃತ್ತಿಯಿಲ್ಲದೆ ಬಿಡಿಸಲಾಗುವುದಿಲ್ಲ. ಹೊಸಬರಿಗೆ ನನ್ನ ಸಲಹೆ, ಅವುಗಳ ಪಾಠವನ್ನು ಓದಿ ಮುಂದೆ ಹೋಗಿ. ಪ್ರವೇಶ ಮಟ್ಟದ ಸಂದರ್ಶನದಲ್ಲಿ ಆ ಕೆಲವು ಲ್ಯಾಬ್‌ಗಳು ಬಾಕಿ ಉಳಿದದ್ದಕ್ಕೆ ಯಾರೂ ಅಂಕ ಕಳೆಯುವುದಿಲ್ಲ.

ಇನ್ನು ಕೊರತೆಗಳ ವಿಚಾರ. ಲ್ಯಾಬಿನ ಶೀರ್ಷಿಕೆಯೇ ಅರ್ಧ ಉತ್ತರವನ್ನು ಬಿಟ್ಟುಕೊಡುತ್ತದೆ. ಈ ಜಾಲತಾಣದಲ್ಲಿ ಎಸ್‌ಕ್ಯೂಎಲ್ ಇಂಜೆಕ್ಷನ್ ಇದೆ, ಅದು ಉತ್ಪನ್ನಗಳನ್ನು ಸೋಸುವ ಪ್ಯಾರಾಮೀಟರ್‌ನಲ್ಲಿದೆ ಎಂದು ಮೊದಲೇ ಹೇಳಿಬಿಟ್ಟ ಮೇಲೆ ಉಳಿಯುವುದು ಅದನ್ನು ಒಡೆಯುವ ಕೌಶಲ ಮಾತ್ರ. ನಿಜವಾದ ಕೆಲಸದಲ್ಲಿ ಮುನ್ನೂರು ಎಪಿಐಗಳ (ಆ್ಯಪ್‌ಗಳು ಸರ್ವರಿನೊಡನೆ ಮಾತಾಡುವ ಕೊಂಡಿಗಳ) ಪಟ್ಟಿಯನ್ನು ಕೈಗಿಟ್ಟು ಐದು ದಿನದ ಗಡುವು ಕೊಡುತ್ತಾರೆ. ಯಾವುದರಲ್ಲಿ ಏನಿದೆ, ಏನಾದರೂ ಇದೆಯೇ ಎಂಬುದೇ ಗೊತ್ತಿರುವುದಿಲ್ಲ. ಅಕಾಡೆಮಿಯಲ್ಲೇ ಇರುವ ಮಿಸ್ಟರಿ ಲ್ಯಾಬ್ ಸೌಲಭ್ಯ ಶೀರ್ಷಿಕೆಯನ್ನು ಮರೆಮಾಡುತ್ತದೆ, ಆದರೆ ಹೆಚ್ಚಿನ ವಿದ್ಯಾರ್ಥಿಗಳು ಅದರ ಕಡೆ ತಲೆಹಾಕುವುದಿಲ್ಲ, ಏಕೆಂದರೆ ಅಲ್ಲಿ ಮುಗಿಸಿದ ಸಂಖ್ಯೆ ಬೇಗ ಏರುವುದಿಲ್ಲ. ಪ್ರತಿ ಲ್ಯಾಬಿನ ಕೆಳಗೂ ಪರಿಹಾರದ ಗುಂಡಿಯಿದೆ, ಇತರರು ಮಾಡಿದ ವಿಡಿಯೊಗಳೂ ಇವೆ. ಹತ್ತು ನಿಮಿಷ ತಡಕಾಡಿ, ಪರಿಹಾರ ನೋಡಿ, ಅಂಟಿಸಿ, ಹಸಿರು ಗುರುತು ಪಡೆದು ಮುಂದಿನದಕ್ಕೆ ಹೋಗುವವರನ್ನು ಸಂದರ್ಶನದಲ್ಲಿ ಗುರುತಿಸುವುದು ಕಷ್ಟವೇನಲ್ಲ. ನೂರಾರು ಲ್ಯಾಬ್ ಮುಗಿಸಿದ್ದೇನೆ ಎಂದು ಹೇಳಿಕೊಂಡವರಲ್ಲಿ ಹಲವರು, ಬೇರೆ ತಾಣದಿಂದ ಹೊರಟ ರಿಕ್ವೆಸ್ಟ್ ಜೊತೆ ಕುಕಿ ಹೋಗಬೇಕೇ ಎಂದು ನಿರ್ಧರಿಸುವ ಸೇಮ್‌ಸೈಟ್ ಗುಣವನ್ನು ಲ್ಯಾಕ್ಸ್ ಎಂದು ಇಟ್ಟರೆ, ಬಳಕೆದಾರನ ಅರಿವಿಲ್ಲದೆ ಅವನ ಹೆಸರಿನಲ್ಲಿ ರಿಕ್ವೆಸ್ಟ್ ಕಳುಹಿಸುವ ಸಿಎಸ್‌ಆರ್‌ಎಫ್ ದಾಳಿಯನ್ನು ಅದು ಯಾವಾಗ ತಡೆಯುತ್ತದೆ, ಯಾವಾಗ ತಡೆಯುವುದಿಲ್ಲ ಎಂದು ಕೇಳಿದರೆ ತಡವರಿಸುತ್ತಾರೆ. ಉತ್ತರ ಅಕಾಡೆಮಿಯ ಪಾಠದಲ್ಲೇ ವಿವರವಾಗಿ ಇದೆ; ಲ್ಯಾಬಿಗೆ ಹಾರುವ ಆತುರದಲ್ಲಿ ಅದನ್ನು ಓದಿರುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ವರದಿಯದ್ದು. ವಿಎಪಿಟಿ ಕಂಪನಿ ತನ್ನ ಗ್ರಾಹಕನಿಗೆ ಮಾರುವುದು ದಾಳಿಯನ್ನಲ್ಲ, ವರದಿಯನ್ನು. ದೋಷ ಯಾವ ವಿಳಾಸದಲ್ಲಿದೆ, ಯಾವ ಪಾತ್ರದ ಖಾತೆಯಿಂದ ಲಾಗಿನ್ ಆದಾಗ ಅದು ಸಿಕ್ಕಿತು, ಮತ್ತೊಬ್ಬನು ಅದೇ ಹೆಜ್ಜೆಗಳನ್ನು ಅನುಸರಿಸಿದರೆ ಅದೇ ಫಲ ಬರುತ್ತದೆಯೇ, ಅದರಿಂದ ವ್ಯವಹಾರಕ್ಕೆ ಆಗುವ ಹಾನಿಯೇನು, ದೋಷದ ತೀವ್ರತೆಯನ್ನು ಅಳೆಯುವ ಸಿವಿಎಸ್‌ಎಸ್ ಅಂಕ ಎಷ್ಟು ಮತ್ತು ಏಕೆ, ಸರಿಪಡಿಸುವುದು ಹೇಗೆ, ಇವೆಲ್ಲವೂ ಡೆವಲಪರ್ ಒಬ್ಬನು ಸಂಜೆಯ ಕರೆಯಲ್ಲಿ ‘ಇದು ದೋಷವೇ ಅಲ್ಲ’ ಎಂದು ವಾದಿಸಿದಾಗಲೂ ನಿಲ್ಲುವಂತೆ ಬರೆದಿರಬೇಕು. ಅಕಾಡೆಮಿ ಇದರಲ್ಲಿ ಒಂದಕ್ಷರವನ್ನೂ ಬರೆಸುವುದಿಲ್ಲ. ಮೇಲೆ ಹೇಳಿದ ಚಾಟ್ ಕಡತದ ದೋಷವನ್ನೇ ತೆಗೆದುಕೊಳ್ಳಿ. ಅದಕ್ಕೆ ಪರಿಹಾರವೇನು ಎಂದರೆ ಹೆಚ್ಚಿನವರ ಉತ್ತರ, ಕಡತದ ಹೆಸರನ್ನು ಊಹಿಸಲಾಗದಷ್ಟು ಉದ್ದವಾಗಿ ಇಡಬೇಕು ಎಂಬುದು. ಅದು ಹೆಚ್ಚುವರಿ ಕಾವಲಾಗಬಹುದೇ ಹೊರತು ಪರಿಹಾರವಲ್ಲ. ಹೆಸರು ಸೋರಿದ ದಿನ ದೋಷ ಮತ್ತೆ ಜೀವಂತ. ಕಡತವನ್ನು ಕೇಳುತ್ತಿರುವ ಬಳಕೆದಾರನಿಗೆ ಅದನ್ನು ನೋಡುವ ಹಕ್ಕಿದೆಯೇ ಎಂದು ಪ್ರತಿ ಸಲವೂ ಸರ್ವರ್ ಪರೀಕ್ಷಿಸಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಸ್ಪಷ್ಟವಾಗಿ ಬರೆಯಬಲ್ಲ ಅಭ್ಯರ್ಥಿಯನ್ನು, ಎಕ್ಸ್‌ಪರ್ಟ್ ಲ್ಯಾಬ್‌ಗಳನ್ನು ಬಿಡಿಸಿಯೂ ಅದನ್ನು ಹೇಳಲಾಗದವನಿಗಿಂತ ಮೊದಲು ನಾನು ಆರಿಸುತ್ತೇನೆ.

ಈ ಕೊರತೆಯನ್ನು ವಿದ್ಯಾರ್ಥಿಯೇ ತುಂಬಿಕೊಳ್ಳಬಹುದು, ಅದಕ್ಕೆ ಖರ್ಚೂ ಇಲ್ಲ. ಬಿಡಿಸಿದ ಲ್ಯಾಬ್‌ಗಳಲ್ಲಿ ಕೆಲವನ್ನು ಆರಿಸಿ, ಗ್ರಾಹಕನಿಗೆ ಒಪ್ಪಿಸುವ ರೀತಿಯಲ್ಲಿ ಪೂರ್ಣ ವರದಿ ಬರೆಯಬೇಕು. ವಾರ ಕಳೆದ ಮೇಲೆ ವರದಿಯನ್ನು ಮಾತ್ರ ನೋಡಿಕೊಂಡು ಲ್ಯಾಬನ್ನು ಮತ್ತೆ ಬಿಡಿಸಲು ಪ್ರಯತ್ನಿಸಿದರೆ ಎಲ್ಲಿ ಹೆಜ್ಜೆ ತಪ್ಪಿದೆ ಎಂಬುದು ತಾನಾಗಿ ತಿಳಿಯುತ್ತದೆ. ನಂತರ ಓವಾಸ್ಪ್‌ನ ಜ್ಯೂಸ್ ಶಾಪ್ ಎಂಬ, ಬೇಕೆಂದೇ ದೋಷಗಳನ್ನಿಟ್ಟ ಉಚಿತ ತಂತ್ರಾಂಶವನ್ನು ಸ್ವಂತ ಕಂಪ್ಯೂಟರಿನಲ್ಲಿ ಚಾಲನೆ ಮಾಡಿ, ದೋಷಗಳ ಪಟ್ಟಿ ನೋಡದೆ, ಇಡೀ ತಾಣದ ಪರೀಕ್ಷೆ ನಡೆಸಿ ಒಂದೇ ವರದಿಯಾಗಿ ಬರೆಯಬಹುದು. ರೆಸ್ಯೂಮೆಗೆ ಲಗತ್ತಿಸಿದ ಅಂತಹ ಒಂದು ವರದಿಯನ್ನು ಸಂದರ್ಶಕರು ನಿಜವಾಗಿ ಓದುತ್ತಾರೆ. ಬೆಂಗಳೂರಿನಲ್ಲಿರುವವರಿಗೆ ನಲ್ ಎಂಬ ಭದ್ರತಾಸಕ್ತರ ಸಮುದಾಯದ ಉಚಿತ ಸಭೆಗಳೂ ಇವೆ. ಅಲ್ಲಿ ಎದ್ದು ನಿಂತು ಒಂದು ದೋಷವನ್ನು ವಿವರಿಸಿದರೆ ಸಿಗುವ ಪ್ರಶ್ನೆಗಳು ಸಂದರ್ಶನದ ಪ್ರಶ್ನೆಗಳಿಗಿಂತ ಕಠಿಣವಾಗಿರುತ್ತವೆ.

ಪಠ್ಯ ಪೂರ್ತಿ ಇಂಗ್ಲಿಷಿನಲ್ಲಿದೆ. ವಾಕ್ಯಗಳು ಚಿಕ್ಕವು, ಸರಳವಾದವು. ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾ ಮುಗಿಸಿದವರಿಗೂ ನಿಧಾನವಾಗಿ ಓದಿದರೆ ದಕ್ಕುತ್ತದೆ. ಆದರೆ ಎಚ್‌ಟಿಟಿಪಿ ರಿಕ್ವೆಸ್ಟ್ ಎಂದರೇನು, ಸೆಷನ್ ಹೇಗೆ ನಡೆಯುತ್ತದೆ, ಜಾವಾಸ್ಕ್ರಿಪ್ಟ್ ಬ್ರೌಸರಿನಲ್ಲಿ ಏನು ಮಾಡಬಲ್ಲದು ಎಂಬ ಅಡಿಪಾಯ ಮೊದಲೇ ಇರಬೇಕೆಂದು ಅಕಾಡೆಮಿ ನಿರೀಕ್ಷಿಸುತ್ತದೆ. ಭಾರತೀಯ ಆ್ಯಪ್‌ಗಳಲ್ಲಿ ಎಲ್ಲೆಡೆ ಕಾಣುವ ಮೊಬೈಲ್ ಸಂಖ್ಯೆ ಮತ್ತು ಒಟಿಪಿ ಆಧಾರಿತ ಲಾಗಿನ್‌ಗೆ ಇಲ್ಲಿ ಪ್ರತ್ಯೇಕ ಪಾಠವಿಲ್ಲ. ಎರಡು ಹಂತದ ದೃಢೀಕರಣದ ಲ್ಯಾಬ್‌ಗಳಿಂದ ತತ್ವವನ್ನು ಕಲಿತು ನಾವೇ ಅನ್ವಯಿಸಿಕೊಳ್ಳಬೇಕು. ಆ್ಯಂಡ್ರಾಯ್ಡ್ ಆ್ಯಪ್ ಪರೀಕ್ಷೆಯಂತೂ ಇದರ ವ್ಯಾಪ್ತಿಗೇ ಬರುವುದಿಲ್ಲ. ಅನ್ವಯಿಸುವ ಉತ್ಸಾಹದಲ್ಲಿ ಊರಿನ ಸಹಕಾರಿ ಬ್ಯಾಂಕಿನ ಜಾಲತಾಣದ ಮೇಲೆ ಕೈ ಪಳಗಿಸಿಕೊಳ್ಳಲು ಹೋಗಬಾರದು: ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಯನ್ನು ದುರುದ್ದೇಶದಿಂದ ಪ್ರವೇಶಿಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ನಿನಡಿ ಮೂರು ವರ್ಷದವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಉದ್ದೇಶ ಒಳ್ಳೆಯದಿತ್ತು ಎಂದು ಠಾಣೆಯಲ್ಲಿ ವಿವರಿಸುವ ಪರಿಸ್ಥಿತಿ ಯಾರಿಗೂ ಬೇಡ.

ಅಕಾಡೆಮಿಯ ಜೊತೆಗೇ ಬರ್ಪ್ ಸೂಟ್ ಸರ್ಟಿಫೈಡ್ ಪ್ರಾಕ್ಟಿಷನರ್ ಎಂಬ ಪರೀಕ್ಷೆಯೂ ಇದೆ. ನಾಲ್ಕು ಗಂಟೆಗಳಲ್ಲಿ ಎರಡು ಜಾಲತಾಣಗಳನ್ನು ಭೇದಿಸಬೇಕು. ಪ್ರತಿಯೊಂದರಲ್ಲೂ ಮೊದಲು ಬಳಕೆದಾರನ ಖಾತೆ, ಬಳಿಕ ಅಡ್ಮಿನ್ ಅಧಿಕಾರ, ಕೊನೆಗೆ ಸರ್ವರಿನೊಳಗಿನ ಒಂದು ಕಡತ, ಹೀಗೆ ಮೂರು ಹಂತಗಳು. ಯಾವುದರಲ್ಲಿ ಯಾವ ದೋಷವಿದೆ ಎಂದು ಹೇಳದ ಕಾರಣ ಇದು ಲ್ಯಾಬ್‌ಗಳಿಗಿಂತ ನಿಜವಾದ ಕೆಲಸಕ್ಕೆ ಹತ್ತಿರವಾಗಿದೆ, ಮತ್ತು ಇದನ್ನು ಪಾಸಾದವರ ಕೈಚಳಕದ ಬಗ್ಗೆ ನನಗೆ ಅನುಮಾನವಿರುವುದಿಲ್ಲ. ತೊಡಕಿರುವುದು ನಮಗಿಂತ ಮೊದಲು ರೆಸ್ಯೂಮೆ ನೋಡುವ ಎಚ್‌ಆರ್ ವಿಭಾಗದಲ್ಲಿ. ಅಲ್ಲಿನ ಪಟ್ಟಿಯಲ್ಲಿ ಸಿಇಎಚ್ ಮತ್ತು ಒಎಸ್‌ಸಿಪಿ ಎಂಬ ಬೇರೆ ಪ್ರಮಾಣಪತ್ರಗಳ ಹೆಸರುಗಳು ಇರುತ್ತವೆ, ಈ ಹೆಸರು ಅಪರೂಪ. ಸಿಇಎಚ್‌ನ ಮುಖ್ಯ ಪರೀಕ್ಷೆ 125 ಬಹುಆಯ್ಕೆ ಪ್ರಶ್ನೆಗಳದ್ದು. ಅದನ್ನು ಪಾಸಾಗಲು ಒಂದೇ ಒಂದು ರಿಕ್ವೆಸ್ಟ್ ಅನ್ನು ತಡೆದು ತಿದ್ದಿರಬೇಕೆಂದಿಲ್ಲ, ಆದರೂ ಬಾಗಿಲು ತೆರೆಸುವ ಶಕ್ತಿ ಅದಕ್ಕೇ ಹೆಚ್ಚು. ಒಎಸ್‌ಸಿಪಿ ಮಾತ್ರ ಸುಮಾರು ಒಂದು ದಿನದ ಪ್ರಾಯೋಗಿಕ ಪರೀಕ್ಷೆಯ ನಂತರ ಇನ್ನೊಂದು ದಿನ ಕೊಟ್ಟು ವರದಿಯನ್ನೂ ಬರೆಸಿಕೊಳ್ಳುತ್ತದೆ. ಅದರ ಬೆಲೆ ಹೊಸಬರ ಕೈಗೆಟುಕುವಂಥದ್ದಲ್ಲ. ಹಾಗಾಗಿ ಕೆಲಸ ಸಿಗುವ ಮೊದಲು ಪೋರ್ಟ್‌ಸ್ವಿಗರ್‌ನ ಪರೀಕ್ಷೆಗೆ ಹಣ ಹಾಕುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಪರೀಕ್ಷೆಗೆ ಪ್ರೊಫೆಷನಲ್ ಲೈಸೆನ್ಸ್ ಬೇಕೇ ಬೇಕು. ಕೆಲಸ ಸಿಕ್ಕ ಮೇಲೆ ಕಂಪನಿಯೇ ಅದನ್ನು ಕೊಡುತ್ತದೆ.

ಬಿಟಿಎಂ ಲೇಔಟ್, ಮಾರತ್ತಹಳ್ಳಿಗಳ ಕಡೆ ನೂರಕ್ಕೆ ನೂರು ಪ್ಲೇಸ್‌ಮೆಂಟ್ ಎಂಬ ಫಲಕ ಹಾಕಿಕೊಂಡು ದೊಡ್ಡ ಮೊತ್ತದ ಶುಲ್ಕ ಪಡೆಯುವ ತರಬೇತಿ ಕೇಂದ್ರಗಳಲ್ಲಿ ಕೆಲವು, ಇದೇ ಅಕಾಡೆಮಿಯ ಲ್ಯಾಬ್‌ಗಳನ್ನು ಪ್ರೊಜೆಕ್ಟರ್ ಮೇಲೆ ಬಿಡಿಸಿ ತೋರಿಸುತ್ತವೆ. ಹಣ ಕಟ್ಟುವ ಮುನ್ನ ಪಠ್ಯಕ್ರಮವನ್ನು ಕೇಳಿ ಪಡೆದು ಅಕಾಡೆಮಿಯ ವಿಷಯಸೂಚಿಯ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ವರದಿ ಬರೆಸಿ ತಿದ್ದಿ ಕೊಡುವ ಶಿಕ್ಷಕರು ಅಲ್ಲಿದ್ದರೆ ಶುಲ್ಕಕ್ಕೆ ಒಂದು ಅರ್ಥವಿದೆ, ಇಲ್ಲದಿದ್ದರೆ ಇಲ್ಲ.

ಎಸ್‌ಒಸಿ ಹುದ್ದೆಯನ್ನು ಬಯಸುವವರಿಗೆ ಈ ಸೇವೆ ಸರಿಯಾದ ಆಯ್ಕೆಯಲ್ಲ. ಅಲ್ಲಿ ಬೇಕಾಗುವುದು ವಿಂಡೋಸ್ ಈವೆಂಟ್ ಲಾಗ್‌ಗಳನ್ನು ಓದುವ, ಫಿಶಿಂಗ್ ಮೇಲ್‌ನ ಹೆಡರ್ ಬಿಡಿಸುವ, ಸಾವಿರ ಅಲರ್ಟ್‌ಗಳಲ್ಲಿ ನಿಜವಾದ ಒಂದನ್ನು ಹೆಕ್ಕುವ ಅಭ್ಯಾಸ. ಅದಕ್ಕೆ ಲಾಗ್ ವಿಶ್ಲೇಷಣೆಯ ತಂತ್ರಾಂಶ ಮಾಡುವ ಸ್ಪ್ಲಂಕ್ ಕಂಪನಿಯ ಉಚಿತ ಪಾಠಗಳು ಹೆಚ್ಚು ನೆರವಾಗುತ್ತವೆ. ವೆಬ್ ಪರೀಕ್ಷಕರಾಗಬೇಕೆಂದು ನಿರ್ಧರಿಸಿದವರು ಮಾತ್ರ ಬೇರೆಲ್ಲಿಗೂ ಹೋಗದೆ ಇಲ್ಲಿಂದಲೇ ಆರಂಭಿಸಬಹುದು: ಮೊದಲು ಪ್ರವೇಶ ನಿಯಂತ್ರಣ ಮತ್ತು ದೃಢೀಕರಣದ ಪಾಠಗಳು, ಆಮೇಲೆ ಎಸ್‌ಕ್ಯೂಎಲ್ ಇಂಜೆಕ್ಷನ್ ಮತ್ತು ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್, ಬಳಿಕ ಎಪಿಐ ಪರೀಕ್ಷೆ. ರಿಕ್ವೆಸ್ಟ್ ಸ್ಮಗ್ಲಿಂಗ್‌ನಂತಹ ಮೋಹಕ ವಿಷಯಗಳು ಮೊದಲ ಸಂಬಳ ಬಂದ ಮೇಲೆ ಕಲಿತರೂ ತಡವಾಗುವುದಿಲ್ಲ.