‘ಆಲ್‌ಗೆ ಸೊನ್ನೆ ಹಾಕಿದ್ದೇವೆ’ ಎಂದವರನ್ನು ನಂಬಿ ಕೆಟ್ಟೆ

ಸರ್ವರ್ ಭದ್ರಪಡಿಸುವ ಕೆಲಸವನ್ನು ಹೊರಗಿನವರಿಗೆ ಒಪ್ಪಿಸುವವರು ದಯವಿಟ್ಟು ಇದನ್ನು ಓದಿ. ನಮ್ಮ ಲಿನಕ್ಸ್ ಸರ್ವರ್‌ನಲ್ಲಿ ಡೇಟಾಬೇಸ್‌ಗೆಂದೇ ಮೀಸಲಾದ ಒಂದು ವಿಲ್ಯಾನ್ (ಒಂದೇ ತಂತಿಯ ಮೇಲೆ ಬೇರ್ಪಡಿಸಿದ ಜಾಲ) ಇಂಟರ್‌ಫೇಸ್, ಅಂದರೆ ಜಾಲ ಸಂಪರ್ಕದ ದ್ವಾರ ಇದೆ, ಹೆಸರು ಈಟಿಎಚ್0.100. ಅದೊಂದು ಮಾತ್ರ ತಾನಾಗಿ ಹೊರಜಗತ್ತಿನ ಐಪಿವಿ6 (ಹೊಸ ಬಗೆಯ ಇಂಟರ್‌ನೆಟ್) ವಿಳಾಸ ಪಡೆಯಬಾರದು, ಉಳಿದವು ಎಂದಿನಂತೆ ಇರಲಿ ಎಂದು ಲಿಖಿತವಾಗಿಯೇ ಕೇಳಿದ್ದೆ. ‘ಆಗಿದೆ’ ಎಂಬ ಉತ್ತರ ಬಂತು, ಬೆನ್ನಿಗೇ ಬಿಲ್ಲೂ ಬಂತು, ಪರೀಕ್ಷಿಸದೆ ಹಣ ಕಟ್ಟಿದೆ.

ಗ್ರಾಹಕರೊಬ್ಬರಿಗೆ ‘ಇದು ಹೊರಜಗತ್ತಿಗೆ ಕಾಣುವುದೇ ಇಲ್ಲ’ ಎಂದು ಹೇಳುತ್ತಾ, ಅವರ ಎದುರಿಗೇ ಆ ಇಂಟರ್‌ಫೇಸ್‌ನ ವಿಳಾಸಗಳನ್ನು ತೆರೆದು ತೋರಿಸಿದೆ. ಎಫ್‌ಇ80ರಿಂದ ಶುರುವಾಗುವ (ಆ ಜಾಲದೊಳಗೆ ಮಾತ್ರ ನಡೆಯುವ ವಿಳಾಸದ) ಒಂದೇ ಸಾಲು ಇರಬೇಕಿದ್ದ ಜಾಗದಲ್ಲಿ, 2ರಿಂದ ಶುರುವಾಗುವ ಇನ್ನೊಂದು ಸಾಲು, ಅದರ ಮುಂದೆ ‘ಗ್ಲೋಬಲ್ ಡೈನಮಿಕ್’ ಎಂಬ ಪದಗಳು, ಅಂದರೆ ತಾನಾಗಿ ಪಡೆದ ಹೊರಜಗತ್ತಿನ ವಿಳಾಸ. ಗ್ರಾಹಕರು ಏನೂ ಕೇಳಲಿಲ್ಲ. ಕೇಳಿದ್ದರೆ ಮೇಲಾಗುತ್ತಿತ್ತು.

ದೂರು ಕೊಟ್ಟಾಗ ಬಂದ ಮೊದಲ ಉತ್ತರ: ‘ಆಲ್ ವಿಭಾಗದಲ್ಲಿ ಆಕ್ಸೆಪ್ಟ್_ಆರ್‌ಎಗೆ ಸೊನ್ನೆ ಹಾಕಿದ್ದೇವೆ, ಎಲ್ಲಕ್ಕೂ ಅನ್ವಯಿಸುತ್ತದೆ.’ ಅನ್ವಯಿಸುವುದಿಲ್ಲ. ಆಕ್ಸೆಪ್ಟ್_ಆರ್‌ಎ ಎಂದರೆ ರೂಟರ್ ಕಳಿಸುವ ಜಾಹೀರನ್ನು (ಇದನ್ನು ನೋಡಿಯೇ ಇಂಟರ್‌ಫೇಸ್ ತಾನಾಗಿ ವಿಳಾಸ ಮಾಡಿಕೊಳ್ಳುತ್ತದೆ) ಒಪ್ಪಬೇಕೇ ಬೇಡವೇ ಎಂಬ ಸೆಟ್ಟಿಂಗ್, ಸೊನ್ನೆ ಎಂದರೆ ಬೇಡ. ಇದನ್ನು ಕರ್ನಲ್ (ಲಿನಕ್ಸ್‌ನ ತಿರುಳು) ಆಯಾ ಇಂಟರ್‌ಫೇಸ್‌ನ ಸ್ವಂತ ಮೌಲ್ಯ ನೋಡಿ ನಿರ್ಧರಿಸುತ್ತದೆ. ಹೊಸದಾಗಿ ಹುಟ್ಟುವ ಇಂಟರ್‌ಫೇಸ್‌ಗೆ ಆ ಮೌಲ್ಯ ಬರುವುದು ‘ಡಿಫಾಲ್ಟ್’ ವಿಭಾಗದಿಂದ, ‘ಆಲ್’ನಿಂದಲ್ಲ. ಅಷ್ಟಕ್ಕೂ ಅವರು ಹೇಳಿದಂತೆಯೇ ನಡೆದಿದ್ದರೆ ನಾನು ಮುಟ್ಟಬೇಡಿ ಎಂದ ಇಂಟರ್‌ಫೇಸ್‌ಗಳೂ ಮುಚ್ಚಿಹೋಗುತ್ತಿದ್ದವಲ್ಲ!

ಎರಡನೆಯ ಉತ್ತರ ಇನ್ನೂ ಸೊಗಸಾಗಿತ್ತು: ‘ಈಗ ಪ್ರತ್ಯೇಕ ಸಾಲು ಸೇರಿಸಿದ್ದೇವೆ, ಫೈಲ್ ನೋಡಿ.’ ನೋಡಿದೆ, ಸಾಲು ಇತ್ತು. ಆದರೆ ಹೆಸರಿನೊಳಗಿನ ಚುಕ್ಕಿಯನ್ನು ಹಾಗೆಯೇ ಬಿಟ್ಟಿದ್ದರು. ಚುಕ್ಕಿಗಳಿಂದ ಬೇರ್ಪಡಿಸಿ ಬರೆಯುವ ಸಿಸ್‌ಕಂಟ್ರೋಲ್ (ಕರ್ನಲ್‌ನ ಸೆಟ್ಟಿಂಗ್ ಬದಲಿಸುವ ಸಾಧನ) ಸಾಲಿನಲ್ಲಿ ಆ ಹೆಸರನ್ನು ಈಟಿಎಚ್0/100 ಎಂದು ಓರೆಗೆರೆ ಹಾಕಿ ಬರೆಯಬೇಕು. ಇಲ್ಲದಿದ್ದರೆ ಅದು ಇಲ್ಲದ ಕಡತವೊಂದನ್ನು ಹುಡುಕುತ್ತದೆ. ಇದನ್ನು ವಿವರಿಸಿ ಬರೆದದ್ದಕ್ಕೆ ಬಂದ ಮೂರನೆಯ ಉತ್ತರ ‘ಸಮಸ್ಯೆ ಬಗೆಹರಿದಿದೆ, ಟಿಕೆಟ್ ಮುಚ್ಚಲಾಗಿದೆ’ ಎಂದಷ್ಟೇ. ಬಗೆಹರಿಸಿದವನು ನಾನು, ಹಣ ಪಡೆದವರು ಅವರು.

ಹಣ ಕೊಡುವ ಮುನ್ನ, ಸರ್ವರ್ ರೀಬೂಟ್ ಆದ ಮೇಲೆ, ಅದೇ ಇಂಟರ್‌ಫೇಸ್‌ನ ಮೌಲ್ಯವನ್ನು ನಿಮ್ಮೆದುರೇ ಓದಿ ತೋರಿಸಲು ಹೇಳಿ. ಫೈಲ್‌ನ ಸಾಲು ತೋರಿಸಿದರೆ ಒಪ್ಪಬೇಡಿ. ಸೊನ್ನೆ ಹಾಕಿದ ಮಾತ್ರಕ್ಕೆ ಈಗಾಗಲೇ ಬಂದು ಕುಳಿತ ವಿಳಾಸ ಹೋಗುವುದಿಲ್ಲ, ಅವಧಿ ಮುಗಿಯುವವರೆಗೂ ಇರುತ್ತದೆ, ಆ ಅವಧಿ 30 ದಿನವೂ ಇರಬಹುದು. ನಾನು ಅದನ್ನು ಕೈಯಾರೆ ಅಳಿಸಿದ್ದು ರಾತ್ರಿ ಒಂದೂವರೆಗೆ.