ತಿಂಗಳಿಗೆ ನಾಲ್ಕೂವರೆ ಸಾವಿರದ ಕೋಚಿಂಗೋ, ಎರಡು ಭಾನುವಾರದ ಗುರುವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಎರಡು ಭಾನುವಾರದ ಗುರುವಿಗೆ.

ದೂರದ ಸೈಕಲ್ ಸವಾರಿಯ ತರಬೇತಿಗೆ ಕಳೆದ ಒಂದು ವರ್ಷದಲ್ಲಿ ಮೂರು ದಾರಿ ಹಿಡಿದು ನೋಡಿದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಆನ್‌ಲೈನ್ ಕೋಚ್, ತಿಂಗಳಿಗೆ 4,500 ರೂಪಾಯಿ. ಮೇ ತಿಂಗಳಲ್ಲಿ ತಾನೇ ವೇಳಾಪಟ್ಟಿ ಹಾಕಿಕೊಡುವ ಒಂದು ಆಪ್. ಆಮೇಲೆ, ವಿಜಯಪುರದ ಕ್ರೀಡಾ ವಸತಿನಿಲಯದಲ್ಲಿ ಬೆಳೆದು, ರೇಸು ಬಿಟ್ಟು, ಈಗ ಕಲಬುರಗಿಯಲ್ಲಿ ನೌಕರಿ ಮಾಡುತ್ತಿರುವ ಒಬ್ಬರ ಜೊತೆ ಎರಡು ಭಾನುವಾರ ಸೈಕಲ್ ಹೊಡೆದೆ. ದಿನಕ್ಕೆ 1,500ರಂತೆ ಅವರ ಕೈಗೆ ಕೊಡಬೇಕಾದರೆ ಸಾಕುಸಾಕಾಯಿತು, ‘ಬ್ಯಾಡ ಬಿಡ್ರಿ ಸರ’ ಅಂತಲೇ ಇದ್ದರು. ಒಂದು ಕಡೆ 13,500, ಇನ್ನೊಂದು ಕಡೆ 3,000.

ನಾನು ಆಳಂದ ರಸ್ತೆಯ ಹಳ್ಳಿಯೊಂದರಲ್ಲಿ ಹೈಸ್ಕೂಲು ಗಣಿತದ ಮಾಸ್ತರ. ವಯಸ್ಸು 43. ರೇಸ್ ಗೆಲ್ಲುವ ಆಸೆ ಎಂದೂ ಇಲ್ಲ. ಬಿಆರ್‌ಎಂ 200 ಎಂಬ ದೂರದ ಸೈಕಲ್ ಸವಾರಿ ಮುಗಿಸಬೇಕು ಅನ್ನುವುದೊಂದೇ ಹಂಬಲ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಪೈಪೋಟಿಯಲ್ಲ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಿದರೆ ಸಾಕು, ಊಟ, ಚಹಾ, ಪಂಕ್ಚರ್ ಎಲ್ಲ ಸೇರಿ. ಹಿಂದಿನ ಡಿಸೆಂಬರಿನಲ್ಲಿ ಹೈದರಾಬಾದ್ ಕಡೆ ಹೋಗಿ ಪ್ರಯತ್ನಿಸಿದ್ದೆ. 160ನೇ ಕಿಲೋಮೀಟರಿಗೆ ಬಲ ಮೊಣಕಾಲಿನ ಮುಂಭಾಗ ಹಿಡಿದುಕೊಂಡಿತು. ಡಾಬಾದ ಹೊರಸಿನ ಮೇಲೆ ಕೂತವನಿಗೆ ಏಳಲಾಗಲಿಲ್ಲ. ಸೈಕಲನ್ನು ಟೆಂಪೊದಲ್ಲಿ ಹಾಕಿಕೊಂಡು ಬಂದೆ. ‘ತರಬೇತಿ ಸಾಲದು, ದುಡ್ಡು ಹೋದರೂ ಚಿಂತೆಯಿಲ್ಲ, ಸರಿಯಾಗಿ ಕಲಿಯೋಣ’ ಎಂದು ಕೋಚಿಂಗ್ ಹಿಡಿದದ್ದು ಆ ಸಂಕಟದಲ್ಲೇ.

ಕೋಚಿಂಗಿನಲ್ಲಿ ಒಳ್ಳೆಯದು ಇರಲಿಲ್ಲ ಎನ್ನಲಾರೆ. ಮೂರು ವಾರ ಹೆಚ್ಚಿಸುತ್ತ ಹೋಗಿ ನಾಲ್ಕನೇ ವಾರ ಇಳಿಸು ಎಂಬ ಶಿಸ್ತು ಅಲ್ಲಿಂದಲೇ ಬಂತು. ಮೊದಲು ನಾನು ದಿನಾ ಒಂದೇ ವೇಗದಲ್ಲಿ ಏದುಸಿರು ಬಿಡುತ್ತ ಹೊಡೆಯುತ್ತಿದ್ದೆ. ನಿಧಾನದ ದಿನ ನಿಜಕ್ಕೂ ನಿಧಾನವಾಗಿ ಹೋಗು, ಜೋರಿನ ದಿನ ನಿಜಕ್ಕೂ ಜೋರಾಗಿ ಹೋಗು ಎಂದು ಕಲಿಸಿದರು. ಇದು ಇವತ್ತಿಗೂ ನನ್ನ ಡೈರಿಯಲ್ಲಿದೆ.

ಎಡವಟ್ಟಾದದ್ದು ಬಿಸಿಲಿನಲ್ಲಿ.

ಫೆಬ್ರುವರಿಯ ಮೊದಲ ವಾರ ಕೋಚ್ ನನ್ನಿಂದ ಅರ್ಧ ಗಂಟೆಯ ಪರೀಕ್ಷೆ ಮಾಡಿಸಿದರು. ಎದೆಗೆ ಪಟ್ಟಿ ಕಟ್ಟಿಕೊಂಡು ಆದಷ್ಟು ಜೋರಾಗಿ ಹೊಡೆಯಬೇಕು, ಕೊನೆಯ 20 ನಿಮಿಷದ ಸರಾಸರಿ ಹೃದಯ ಬಡಿತ ತೆಗೆಯಬೇಕು. ನನ್ನದು 164 ಬಂತು. ಅದರ ಮೇಲೆ ಜೋನ್, ಅಂದರೆ ಬಡಿತದ ಮಿತಿ, ಕಟ್ಟಿದರು: ನಿಧಾನದ ಸವಾರಿಗೆ 135ರಿಂದ 145, ಅದರ ಮೇಲೆ ಹೋಗಕೂಡದು. ಫೆಬ್ರುವರಿಯ ಬೆಳಗ್ಗೆ ಐದೂವರೆಗೆ ನಮ್ಮಲ್ಲಿ ಸ್ವೆಟರ್ ಹಾಕುವಷ್ಟು ಚಳಿ. ಸೇಡಂ ರಸ್ತೆಯಲ್ಲಿ 24ರ ವೇಗಕ್ಕೆ ಬಡಿತ 142. ಎಲ್ಲ ಸರಿ ಇತ್ತು, ಕೋಚಿಂಗಿನ ಆಪ್‌ನಲ್ಲಿ ದಿನದ ಚೌಕ ಹಸಿರಾಗುತ್ತಿತ್ತು.

ಮಾರ್ಚ್ ಕೊನೆಗೆ ಚೌಕ ಹಳದಿಯಾಯಿತು. ಏಪ್ರಿಲಿಗೆ ಕೆಂಪು. ಕಲಬುರಗಿಯ ಏಪ್ರಿಲ್ ಏನೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಮಧ್ಯಾಹ್ನದ 42 ಡಿಗ್ರಿಯನ್ನು ಹೀರಿಕೊಂಡ ಡಾಂಬರು ರಾತ್ರಿಯೆಲ್ಲ ಪೂರ್ತಿ ಆರುವುದೇ ಇಲ್ಲ. ಎಂಟು ಗಂಟೆಗೆ ಅದೇ ರಸ್ತೆ, ಅದೇ 24ರ ವೇಗ, ಬಡಿತ ಮಾತ್ರ 158. ವಾಚು ಕೂಗುತ್ತಲೇ ಇರುತ್ತಿತ್ತು. ನಾನು ಹೇಳಿದ್ದನ್ನು ಕೇಳುವ ವಿದ್ಯಾರ್ಥಿ. 145ಕ್ಕೆ ಇಳಿಸಲು 17ರ ವೇಗಕ್ಕೆ ಬಂದೆ. ವಿಮಾನ ನಿಲ್ದಾಣದ ಮುಂದೆ ತೆವಳುತ್ತಿದ್ದಾಗ, ಟಿವಿಎಸ್ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟಿದ್ದ ಕಾಕಾ ಪಕ್ಕಕ್ಕೆ ಬಂದು ವೇಗ ಇಳಿಸಿ ಕೇಳಿದರು: ‘ಯಾಕ್ರೀ ಸರ, ಆರಾಮಿಲ್ಲೇನು?’

ಆ ವಾರ ಕೋಚ್‌ನಿಂದ ಸಂದೇಶ ಬಂತು: ನಿಮ್ಮ ಬುನಾದಿ ಕುಸಿದಿದೆ, ಎರಡು ವಾರ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡೋಣ. ತಂಪು ಊರಲ್ಲಿ ಕೂತವರಿಗೆ ನಾನು ಇಲ್ಲಿನ ತಾಪಮಾನದ ಚಿತ್ರ ಕಳಿಸಿದೆ. ‘ಇನ್ನೂ ಬೇಗ ಹೊರಡಿ’ ಎಂದರು. ಐದಕ್ಕಿಂತ ಮುಂಚೆ ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳು, ರಿಂಗ್ ರೋಡಿನಲ್ಲಿ ನಾಯಿಗಳು. ಮನೆಯಲ್ಲಿ ಇಬ್ಬರು ಮಕ್ಕಳಿರುವವನು ಆ ಹೊತ್ತಿಗೆ ಹೊರಬೀಳುವುದಿಲ್ಲ.

ಆಮೇಲೆ ನಾನೇ ಓದಿ ತಿಳಿದುಕೊಂಡೆ. ಸೆಕೆಗೆ ಮೈ ತಂಪಾಗಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ. ಬೆವರಿನಲ್ಲಿ ನೀರು ಹೋಗಿ ರಕ್ತದ ಪ್ರಮಾಣವೂ ಇಳಿಯುತ್ತದೆ. ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತ ಕಡಿಮೆಯಾದಾಗ, ಅಷ್ಟೇ ಕೆಲಸಕ್ಕೆ ಹೃದಯ ಹೆಚ್ಚು ಸಲ ಬಡಿಯಲೇಬೇಕು. ಕಾಲಿನ ಕಸುವು ಎಲ್ಲಿಗೂ ಹೋಗಿರುವುದಿಲ್ಲ. ಬಿಸಿಲಿನಲ್ಲಿ ದೇಹಕ್ಕೆ ದಣಿವು ಹೆಚ್ಚೆಂಬುದು ನಿಜ, ಸ್ವಲ್ಪ ನಿಧಾನ ಮಾಡು ಎಂದದ್ದು ತಪ್ಪಲ್ಲ. ಆದರೆ ಚಳಿಯಲ್ಲಿ ಕಟ್ಟಿದ ಅಂಕಿಯನ್ನು ಬೇಸಿಗೆಗೆ ಹಚ್ಚಿ, ‘ನೀನು ಹಿಂದೆ ಬಿದ್ದೆ’ ಎಂದು ತೀರ್ಪು ಕೊಟ್ಟದ್ದು ತಪ್ಪು. ಬೇಸಿಗೆಗೆ ಒಂದು ಹೊಸ ಪರೀಕ್ಷೆ ಮಾಡಿಸಿದ್ದರೆ ಅಥವಾ ‘ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರಿದ್ದರೆ ಸಾಕು’ ಎಂದಿದ್ದರೆ ನನ್ನ ಒಂದೂವರೆ ತಿಂಗಳು ಉಳಿಯುತ್ತಿತ್ತು. ಆ ಕೆಂಪು ಚೌಕ ನೋಡಿ ನೋಡಿ, ನನ್ನಿಂದ ಆಗುವುದಿಲ್ಲವೇನೋ ಎಂದು ರಾತ್ರಿ ನಿದ್ದೆಗೆಟ್ಟಿದ್ದೇನೆ. ದುಡ್ಡಿಗಿಂತ ಅದೇ ನನಗೆ ಹೆಚ್ಚು ನೋವು ಕೊಟ್ಟದ್ದು.

ಮೇ ತಿಂಗಳ ಆಪ್ ಬಗ್ಗೆ ಹೆಚ್ಚೇನೂ ಇಲ್ಲ. ಅದು ಬಡಿತ ನೋಡುವುದಿಲ್ಲ, ಪೆಡಲ್ ಮೇಲೆ ಬೀಳುವ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುತ್ತದೆ. 20 ನಿಮಿಷದ ಪರೀಕ್ಷೆಯ ಸರಾಸರಿಯ ಶೇ. 95 ತೆಗೆದುಕೊಂಡು ವೇಳಾಪಟ್ಟಿ ಕಟ್ಟುತ್ತದೆ. ಸೆಕೆಗೆ ಆ ಅಂಕಿಯ ಅರ್ಥ ಕೆಡುವುದಿಲ್ಲ, ಲೆಕ್ಕದ ಮನುಷ್ಯನಾದ ನನಗೆ ಅದು ತುಂಬ ಹಿಡಿಸಿತು. ಆದರೆ ಅದಕ್ಕೆ ಪವರ್ ಮೀಟರ್ ಬೇಕು, ಇಲ್ಲವೇ ಸೈಕಲ್ ಕೂರಿಸಿ ಮನೆಯೊಳಗೇ ತುಳಿಯುವ ಸ್ಮಾರ್ಟ್ ಟ್ರೇನರ್. ಗೆಳೆಯನ ಟ್ರೇನರ್ ತಂದು ಹಾಲ್‌ನಲ್ಲಿ ಹೂಡಿದೆ. ಮೇ ತಿಂಗಳಲ್ಲಿ, ಆರ್‌ಸಿಸಿ ಮನೆಯಲ್ಲಿ, ಫ್ಯಾನಿನ ಕೆಳಗೆ. ಎರಡು ಸಲ ನಡುವೆ ಕರೆಂಟು ಹೋಯಿತು. ಎಸಿ ಕೋಣೆ ಇರುವವರಿಗೆ ಒಳ್ಳೆಯದು.

ಈಗ ಗುರುಗಳ ವಿಷಯಕ್ಕೆ ಬರುತ್ತೇನೆ.

ಮೊದಲ ಭಾನುವಾರ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದವರೆಗೆ ಹೋದೆವು. ಮೊದಲ ಹತ್ತು ಕಿಲೋಮೀಟರ್ ಅವರು ನನ್ನ ಹಿಂದೆಯೇ ಬಂದರು, ಒಂದು ಮಾತಿಲ್ಲ. ಕಮಲಾಪುರದಲ್ಲಿ ಚಹಾ ಕುಡಿದು, ಲೋಟ ಕೆಳಗಿಟ್ಟು ಕೇಳಿದರು: ‘ಸರ, ಈ ಸೀಟ್ ಯಾರ್ ಇಟ್ಟಾರ್ರೀ?’

ಅಂಗಡಿಯವನು ಇಟ್ಟ ಎತ್ತರದಲ್ಲೇ ಮೂರು ವರ್ಷ ಹೊಡೆದಿದ್ದೆ. ಅವರು ನನ್ನನ್ನು ಗೋಡೆ ಹಿಡಿಸಿ ಸೀಟಿನ ಮೇಲೆ ಕೂರಿಸಿದರು. ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಡಿಸಿದರು. ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ನನ್ನದು ಚೆನ್ನಾಗಿಯೇ ಮಡಚಿತ್ತು. ಬೆರಳನ್ನು ಮೊಣಕಾಲ ಚಿಪ್ಪಿನ ಕೆಳಗೆ ಒತ್ತಿ ‘ಇಲ್ಲೇ ನೋಯ್ತದಲ್ರೀ?’ ಅಂದರು. ಅಲ್ಲೇ ನೋಯುತ್ತಿತ್ತು. ಸೀಟು ತಗ್ಗಿದ್ದರೆ ಪ್ರತಿ ಸುತ್ತಿನಲ್ಲೂ ಮೊಣಕಾಲು ಹೆಚ್ಚು ಮಡಚಿ, ಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. 160 ಕಿಲೋಮೀಟರಿನಲ್ಲಿ ಎಷ್ಟು ಸಾವಿರ ಸುತ್ತು, ಲೆಕ್ಕ ಹಾಕಿ.

ಮನೆಗೆ ಬಂದು, ಗೋಡೆಗೆ ಒರಗಿ, ತೊಡೆಗಳ ನಡುವೆ ದಪ್ಪ ಪುಸ್ತಕ ಹಿಡಿದು ಕಾಲಿನ ಒಳ ಅಳತೆ ತೆಗೆದೆ: 81 ಸೆಂ.ಮೀ. ಇದನ್ನು 0.883ರಿಂದ ಗುಣಿಸಿದರೆ ಪೆಡಲಿನ ಎರಡೂ ತೋಳು ಸುತ್ತುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ಅಂದಾಜು ಅಳತೆ ಸಿಗುತ್ತದೆ. 71.5 ಬಂತು. ನನ್ನ ಸೀಟು ಇದ್ದದ್ದು 68ಕ್ಕೆ. ಒಮ್ಮೆಲೇ ಏರಿಸಬೇಡಿ, ವಾರಕ್ಕೆ ಅರ್ಧ ಸೆಂಟಿಮೀಟರ್ ಎಂದಿದ್ದರು, ಹಾಗೇ ಮಾಡಿದೆ. ಮೂರು ತಿಂಗಳ ಕೋಚಿಂಗಿನಲ್ಲಿ ಮೊಣಕಾಲು ನೋವು ಎಂದು ಐದಾರು ಸಲ ಬರೆದಿದ್ದೆ. ವ್ಯಾಯಾಮದ ವಿಡಿಯೊ ಬಂತು, ವಿಶ್ರಾಂತಿ ಬಂತು. ಸೈಕಲ್ ಮೇಲೆ ಕೂತದ್ದರ ಒಂದು ಫೋಟೊ ಕಳಿಸಿ ಎಂದು ಯಾರೂ ಕೇಳಲಿಲ್ಲ.

ಎರಡನೇ ಭಾನುವಾರ ಜೂನ್‌ನಲ್ಲಿ, ಜೇವರ್ಗಿ ರಸ್ತೆಯಲ್ಲಿ ಕಟ್ಟಿಸಂಗಾವಿ ಹತ್ತಿರದ ಭೀಮಾ ಸೇತುವೆಯವರೆಗೆ. ಮುಂಗಾರು ಗಾಳಿ ಬಲಗಡೆಯಿಂದ ನೂಕುತ್ತಿತ್ತು. ನಾನು ಅವರ ನೇರ ಹಿಂದೆ ಹೋಗುತ್ತಿದ್ದೆ. ಕೈ ಬೀಸಿ ತಮ್ಮ ಎಡ ಹೆಗಲ ಹಿಂದಕ್ಕೆ ಕರೆದರು. ಅಲ್ಲಿಗೆ ಸರಿದದ್ದೇ ಕಿವಿಯಲ್ಲಿನ ಗಾಳಿಯ ಸದ್ದು ನಿಂತಿತು, ಕಾಲು ಹಗುರಾಯಿತು. ಗಾಳಿ ಯಾವ ಕಡೆಯಿಂದ ಬರುತ್ತದೋ ಅದರ ಎದುರು ಬದಿಯಲ್ಲಿ ಆಸರೆ. ಚಿತ್ರದಲ್ಲಿ ಎಷ್ಟೋ ಸಲ ನೋಡಿದ್ದರೂ, ಆ ಸದ್ದು ನಿಲ್ಲುವ ಜಾಗ ಅವತ್ತು ಮೈಗೆ ತಿಳಿಯಿತು.

ಸೇತುವೆ ಮೇಲೆ ನಿಂತು ಇನ್ನೊಂದು ಕಲಿಸಿದರು, ನಿಲ್ಲುವ ಲೆಕ್ಕ. 22ರ ವೇಗದಲ್ಲಿ 200 ಕಿಲೋಮೀಟರಿಗೆ ಒಂಬತ್ತು ಗಂಟೆ ಚಿಲ್ಲರೆ. ಉಳಿದ ನಾಲ್ಕು ಗಂಟೆ ಇಪ್ಪತ್ತೈದು ನಿಮಿಷ ನಿಮ್ಮದೇ. ಅಷ್ಟನ್ನೂ ಡಾಬಾದಲ್ಲಿ ಕಳೆಯುವವರಿಗೆ ತರಬೇತಿ ಎಷ್ಟಿದ್ದರೂ ಸಾಲದು. ನೀರು ಹದಿನೈದು ನಿಮಿಷಕ್ಕೊಮ್ಮೆ, ಬಾಯಾರುವ ಮುಂಚೆ. ತಿನ್ನಲು ಎನರ್ಜಿ ಜೆಲ್ ಬೇಕಿಲ್ಲ, ಕಮಲಾಪುರದ ಕೆಂಪು ಬಾಳೆಹಣ್ಣು, ಶೇಂಗಾ ಚಿಕ್ಕಿ ನನಗೆ ಸಾಕಾದವು.

ಆಮೇಲೆ ಆರು ತಿಂಗಳು ನನ್ನದೇ ವೇಳಾಪಟ್ಟಿ. ವಾರದಲ್ಲಿ ಎರಡು ಬೆಳಗ್ಗೆ ಒಂದೊಂದು ಗಂಟೆ, ಅದರಲ್ಲಿ ಒಂದು ದಿನ ಐದು ನಿಮಿಷದ ಜೋರಿನ ಸವಾರಿ ನಾಲ್ಕು ಸಲ. ಭಾನುವಾರ ಉದ್ದ ಸವಾರಿ, ವಾರಕ್ಕೆ ಹತ್ತು ಕಿಲೋಮೀಟರ್ ಏರಿಕೆ, ನಾಲ್ಕನೇ ವಾರ ಇಳಿಕೆ. ಡಿಸೆಂಬರಿನಲ್ಲಿ 200 ಮುಗಿಯಿತು, 11 ಗಂಟೆ 50 ನಿಮಿಷ. ಮೊಣಕಾಲು ಮಾತಾಡಲಿಲ್ಲ.

ತಿಂಗಳ ಕೋಚಿಂಗ್ ಯಾರಿಗೂ ಬೇಡವೆನ್ನುವುದಿಲ್ಲ. ರಾಜ್ಯಮಟ್ಟದ ರೇಸಿಗೆ ಇಳಿಯುವ ಹುಡುಗ ಹುಡುಗಿಯರಿಗೆ ಬೇಕು. ಯಾರಾದರೂ ಕೇಳುವವರಿದ್ದರೆ ಮಾತ್ರ ಬೆಳಗ್ಗೆ ಏಳುತ್ತೇನೆ ಅನ್ನುವವರಿಗೂ ಬೇಕು. ನಾನು ಹೇಗೂ ನಾಲ್ಕೂವರೆಗೆ ಏಳುವವನು, ಆ ಒತ್ತಾಯಕ್ಕೆ ದುಡ್ಡು ಕೊಡಬೇಕಿರಲಿಲ್ಲ. ಕೊಡುವುದೇ ಆದರೆ ಮೊದಲು ಎರಡು ಪ್ರಶ್ನೆ ಕೇಳಿ: ನಾನು ಸೈಕಲ್ ಮೇಲೆ ಕೂತದ್ದನ್ನು ನೋಡುತ್ತೀರಾ? ನಮ್ಮೂರ ಬೇಸಿಗೆಗೆ ಅಂಕಿ ಬದಲಿಸುತ್ತೀರಾ?

ಮುಂದಿನ ತಿಂಗಳು 300 ಇದೆ, 20 ಗಂಟೆಯ ಗಡುವು. ರಾತ್ರಿ ಹೊಡೆಯಬೇಕು, ದೀಪ ಮತ್ತು ಮಿಂಚುವ ಜಾಕೆಟ್ ಕಡ್ಡಾಯ. ಗುರುಗಳಿಗೆ ಫೋನ್ ಮಾಡಿ ಇನ್ನೊಂದು ಶನಿವಾರ ರಾತ್ರಿ ಕೇಳಿದ್ದೇನೆ. ‘ಬರ್ತೀನ್ರಿ, ಆದ್ರ ಈ ಸಲ ರೊಕ್ಕದ ಮಾತು ತೆಗೀಬ್ಯಾಡ್ರಿ’ ಅಂದರು. ಮನೆಯವಳು ಶೇಂಗಾ ಹೋಳಿಗೆ ಕಟ್ಟಿಕೊಡುತ್ತೇನೆ ಅಂದಿದ್ದಾಳೆ.